ತಾಂತ್ರಿಕ ಕಾರಣ

ವಿಮಾನ ಕಂಪನಿಯ ಮೇಲೆ ಕೇಸು ಹಾಕಬೇಕು ಎಂದು ಎದುರು ಕೂತಿದ್ದ ಗಂಡ ಹೆಂಡತಿ ಹೇಳಿದಾಗ ನಾನು ವಿಮಾ ಕಂಪನಿ ಎಂದು ಕೇಳಿಸಿಕೊಂಡೆ. ಚಳ್ಳಕೆರೆಯ ವಕೀಲರಿಗೆ ಅದೇ ರೂಢಿ. ಲಾರಿ ಅಪಘಾತ, ಸತ್ತ ಎತ್ತು, ಸುಟ್ಟ ಅಂಗಡಿ, ಎಲ್ಲವೂ ಕೊನೆಗೆ ವಿಮಾ ಕಂಪನಿಯ ಬಾಗಿಲಿಗೇ ಹೋಗಿ ನಿಲ್ಲುತ್ತವೆ. ಪಾಲಿಸಿ ತಂದಿದ್ದೀರಾ ಎಂದು ಕೇಳಿದೆ. ಹೆಂಡತಿ ತಲೆಯಾಡಿಸಿ ಕೈಯನ್ನು ಮೇಲಕ್ಕೆ ತೋರಿಸಿದರು.

"ಅದಲ್ಲ ಮೇಡಂ. ಹಾರೋ ವಿಮಾನ."

ಅಂದು ಬೆಳಗಿನಿಂದ ಕೋರ್ಟಿನಲ್ಲಿ ನಿಂತು ದಣಿದಿದ್ದೆ. ಹಿಡಿದುಕೊಂಡು ಹೋಗಿದ್ದ ಕೇಸುಗಳಿಗೆಲ್ಲ ವಾಯಿದೆ ಬಿದ್ದಿತ್ತು, ಅಂದರೆ ಯಾವುದರಲ್ಲೂ ಏನೂ ನಡೆದಿರಲಿಲ್ಲ. ನನ್ನ ಕಚೇರಿ ಎಣ್ಣೆ ಮಿಲ್ಲುಗಳ ರಸ್ತೆಯಲ್ಲಿ ಒಂದು ಮಾಳಿಗೆಯ ಕೋಣೆ. ಕಿಟಕಿ ತೆಗೆದರೆ ಕಡಲೆಕಾಯಿ ಹಿಂಡಿಯ ವಾಸನೆ, ಮುಚ್ಚಿದರೆ ಸೆಕೆ. ಬಂದಿದ್ದವರು ಮೊಳಕಾಲ್ಮೂರಿನ ರೇಷ್ಮೆ ಸೀರೆಯ ನೇಕಾರರು. ಗಂಡನಿಗೆ ಐವತ್ತರ ಆಸುಪಾಸು. ಹೆಂಡತಿ ಸ್ವಲ್ಪ ಚಿಕ್ಕವರು, ಮಾತಿನಲ್ಲಿ ಚುರುಕು. ತಮ್ಮೊಳಗೆ ತೆಲುಗಿನಲ್ಲಿ ಮಾತಾಡಿಕೊಂಡು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳುತ್ತಿದ್ದರು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಕಡಿಮೆ ದರದ ವಿಮಾನಗಳು ಆಗಷ್ಟೇ ಶುರುವಾಗಿ, ನಮ್ಮ ಬಸ್ ಸ್ಟ್ಯಾಂಡಿನ ಪಕ್ಕದ ಟ್ರಾವೆಲ್ಸ್ ಆಫೀಸಿನಲ್ಲೂ ಟಿಕೆಟ್ ಸಿಗುತ್ತಿತ್ತು. ನಾನು ಮಾತ್ರ ಅದುವರೆಗೆ ವಿಮಾನವನ್ನು ಹತ್ತಿರದಿಂದ ನೋಡಿರಲಿಲ್ಲ.

ನಡೆದದ್ದು ಇಷ್ಟು. ದೆಹಲಿಯ ಒಂದು ಕೈಮಗ್ಗ ಪ್ರದರ್ಶನದಲ್ಲಿ ಇವರಿಗೆ ಮಳಿಗೆ ಸಿಕ್ಕಿತ್ತು. ಮಳಿಗೆಯ ಜೊತೆಗೆ ಒಂದು ಮಗ್ಗ. ಜನರ ಎದುರು ಕೂತು ನೇಯ್ದು ತೋರಿಸುವ ಅವಕಾಶ. ಅದು ಎಲ್ಲರಿಗೂ ಸಿಗುವಂಥದ್ದಲ್ಲ. ಆದರೆ ಉದ್ಘಾಟನೆಯ ಸಂಜೆಯೊಳಗೆ ನೇಕಾರನೇ ಬಂದು ಹಾಜರಾಗಬೇಕು, ಇಲ್ಲವಾದರೆ ಮಗ್ಗದ ಜಾಗ ಕಾದಿರುವ ಇನ್ನೊಬ್ಬರಿಗೆ ಹೋಗುತ್ತದೆ. ರೈಲಿನ ಟಿಕೆಟ್ ಕೊನೆಯವರೆಗೂ ಖಾತ್ರಿಯಾಗಲಿಲ್ಲ. ಹೆಂಡತಿಯೇ ಧೈರ್ಯ ಮಾಡಿ ಚಳ್ಳಕೆರೆಗೆ ಬಂದು, ಉದ್ಘಾಟನೆಯ ಹಿಂದಿನ ದಿನಕ್ಕೆ ಇಬ್ಬರಿಗೂ ವಿಮಾನದ ಟಿಕೆಟ್ ಮಾಡಿಸಿದರು. ತಮ್ಮ ಸೀರೆಗಳ ಜೊತೆಗೆ ಬೀದಿಯ ಇತರ ನೇಕಾರರ ಸೀರೆಗಳನ್ನೂ ಗಂಟು ಕಟ್ಟಿಕೊಂಡು ಬೆಂಗಳೂರಿಗೆ ಹೊರಟರು.

ಗಂಡನಿಗೆ ಎತ್ತರ ಆಗಿಬರುವುದಿಲ್ಲ. ನುಂಕೆಮಲೆ ಬೆಟ್ಟಕ್ಕೆ ಹೋದರೂ ಅಂಚಿಗೆ ಬಂದು ನಿಂತವರಲ್ಲ. ಆದರೂ ಮಗ್ಗದ ಆಸೆಗೆ ಗಟ್ಟಿ ಮನಸ್ಸು ಮಾಡಿದ್ದರು. ಬೆಳಗ್ಗೆ ಹೊರಡಬೇಕಿದ್ದ ವಿಮಾನ ಹೊರಡಲಿಲ್ಲ. ತಾಂತ್ರಿಕ ಕಾರಣದಿಂದ ತಡವಾಗಿದೆ ಎಂದು ಮೈಕಿನಲ್ಲಿ ಹೇಳಿದರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು. ಮಧ್ಯಾಹ್ನ ಮತ್ತೆ ಅದೇ. ಊಟ ಕೊಡಲಿಲ್ಲ, ಎಷ್ಟು ಹೊತ್ತಾಗಬಹುದು ಎಂದೂ ಹೇಳಲಿಲ್ಲ. ತಾಂತ್ರಿಕ ಅಂದರೆ ಏನು ಎಂದು ಇವರು ಪಕ್ಕದಲ್ಲಿ ಕೂತಿದ್ದವರನ್ನು ಕೇಳಿದರು. ಮಿಷಿನ್ ಕೆಟ್ಟಿದೆ ಎಂದರ್ಥ ಎಂದು ಅವರು ಹೇಳಿದರು. ಅಲ್ಲಿಂದ ಶುರುವಾಯಿತು. ಕೌಂಟರಿಗೆ ಹೋಗಿ ಏನು ಕೆಟ್ಟಿದೆ ಎಂದು ಮತ್ತೆ ಮತ್ತೆ ಕೇಳಿದರು. ಪ್ರತಿ ಸಲವೂ ತಾಂತ್ರಿಕ ಎಂಬ ಉತ್ತರವೇ ಬಂತು.

ಸಂಜೆಯಾಗುತ್ತಾ ಬಂದಾಗ ಇದ್ದಕ್ಕಿದ್ದಂತೆ ಎಲ್ಲರನ್ನೂ ಬಸ್ಸಿಗೆ ಹತ್ತಿಸಿ ವಿಮಾನದ ಬಳಿ ಇಳಿಸಿದರು. ಏಣಿಯ ಮೊದಲ ಮೆಟ್ಟಿಲಲ್ಲೇ ಗಂಡನ ಕಾಲು ನಿಂತುಹೋಯಿತು. ಕಂಬಿ ಹಿಡಿದುಕೊಂಡು, ಅಲ್ಲಿದ್ದ ಸಿಬ್ಬಂದಿಯನ್ನು ಕೇಳಿದರಂತೆ.

"ಏನ್ ಕೆಟ್ಟಿತ್ತು, ಏನ್ ರಿಪೇರಿ ಮಾಡಿದ್ರಿ, ಅಷ್ಟು ಹೇಳ್ರಿ ಸಾಕು, ಹತ್ತುತೀನಿ ಅಂದೆ ಮೇಡಂ. ಯಾರೂ ಬಾಯಿ ಬಿಡ್ಲಿಲ್ಲ. ಹೆದರಿಕೆ ಇದ್ರೆ ಬಿಡ್ರಿ, ಉಳಿದೋರಿಗೆ ಲೇಟಾಗ್ತೈತೆ ಅಂದ್ರು."

ಇವರನ್ನು ತಿರುಗಿ ಅದೇ ಬಸ್ಸಿನಲ್ಲಿ ಕೂರಿಸಿದರು. ಹೆಂಡತಿ ಮೇಲೆ ಹತ್ತಿ ಹೋದರು. ಇವರು ರೈಲಿನ ಜನರಲ್ ಬೋಗಿಯಲ್ಲಿ ನಿಂತುಕೊಂಡು, ನೆಲದಲ್ಲಿ ಕೂತುಕೊಂಡು ದೆಹಲಿ ಮುಟ್ಟುವ ಹೊತ್ತಿಗೆ ಮಗ್ಗದ ಮುಂದೆ ಬೇರೆ ರಾಜ್ಯದ ನೇಕಾರರೊಬ್ಬರು ಕೂತಿದ್ದರು. ಹೆಂಡತಿ ಒಂದು ಮೂಲೆಯಲ್ಲಿ ಅರ್ಧ ಮೇಜಿನ ಮೇಲೆ ಸೀರೆ ಹರಡಿಕೊಂಡು ನಿಂತಿದ್ದರು. ಟಿಕೆಟಿನ ಹಣ ವಾಪಸು ಕೇಳಿದರೆ, ಪ್ರಯಾಣಿಕರೇ ಬಾರದೆ ಉಳಿದರು, ಆದ್ದರಿಂದ ಕೊಡಲಾಗದು ಎಂದು ಕಂಪನಿ ತಿಳಿಸಿತು.

ಇಷ್ಟನ್ನೂ ಬಹುಪಾಲು ಹೆಂಡತಿಯೇ ಹೇಳಿದರು. ಕೊನೆಯಲ್ಲಿ ಗಂಡ ತಲೆ ಎತ್ತಿದರು.

"ಟಿಕೆಟಿನ ಮಾತು ಹಂಗಿರ್ಲಿ. ಅವತ್ತು ಆ ವಿಮಾನಕ್ಕೆ ಏನಾಗಿತ್ತು ಅಂತ ಅವರು ಹೇಳ್ಬೇಕು. ಊರಾಗೆ ಟೀ ಅಂಗಡಿ ಮುಂದೆ ಹೋದ್ರೆ ನನ್ನ ನೋಡಿ ಕೈನ ರೆಕ್ಕೆ ಮಾಡಿ ತೋರಿಸ್ತಾರೆ. ಹೆಂಡ್ತಿ ಹಾರಿದ್ಲು, ಗಂಡ ಕೂತ್ಕಂಡ ಅಂತಾರೆ."

ಆಗಿನ ದಿನಗಳಲ್ಲಿ ವಿಮಾನ ತಡವಾದರೆ ಪ್ರಯಾಣಿಕರಿಗೆ ಇಂತಿಷ್ಟು ಕೊಡಬೇಕು ಎಂದು ಬೆರಳಿಟ್ಟು ತೋರಿಸಬಹುದಾದ ನಿಯಮ ನನಗೆ ಎಲ್ಲೂ ಸಿಗಲಿಲ್ಲ. ಇದ್ದದ್ದು ಗ್ರಾಹಕರ ಕಾಯ್ದೆ ಒಂದೇ. ಹಣ ಪಡೆದು ಸೇವೆ ಕೊಡುವವರು ಸರಿಯಾಗಿ ಕೊಡದಿದ್ದರೆ ಅದು ಸೇವಾ ನ್ಯೂನತೆ, ಅದಕ್ಕೆ ಪರಿಹಾರ ಕೇಳಬಹುದು. ಆದರೆ ಟಿಕೆಟಿನ ಹಿಂಭಾಗದ ಸಣ್ಣ ಅಕ್ಷರಗಳಲ್ಲಿ ಕಂಪನಿ ತನ್ನ ಬೇಲಿಯನ್ನೆಲ್ಲ ಕಟ್ಟಿಕೊಂಡಿತ್ತು. ತಾಂತ್ರಿಕ ದೋಷದಿಂದಾಗುವ ವಿಳಂಬಕ್ಕೆ ತಾನು ಹೊಣೆಯಲ್ಲ. ವ್ಯಾಜ್ಯವೇನಿದ್ದರೂ ತನ್ನ ಮುಖ್ಯ ಕಚೇರಿ ಇರುವ ಊರಿನಲ್ಲೇ ಹೂಡಬೇಕು. ಟಿಕೆಟ್ ಕೊಂಡದ್ದು ಚಳ್ಳಕೆರೆಯಲ್ಲಿ, ಆದ್ದರಿಂದ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ವೇದಿಕೆಗೆ ಅಧಿಕಾರವಿದೆ ಎಂದು ದೂರಿನಲ್ಲಿ ಬರೆದೆ. ವ್ಯಾಪಾರಕ್ಕಾಗಿ ಹೋದವರು ಗ್ರಾಹಕರಲ್ಲ ಎಂದು ಕಂಪನಿ ಹೇಳಬಹುದಿತ್ತು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ ಎಂದೂ ಸೇರಿಸಿದೆ. ಹೆದರಿಕೆಯ ವಿಷಯ ಮಾತ್ರ ಬರೆಯಲಿಲ್ಲ. ಅದು ಬೇಡ ಎಂದು ನೇಕಾರರು ಕೈಮುಗಿದು ಕೇಳಿಕೊಂಡಿದ್ದರು. ಕಾರಣ ಕೇಳಿದ್ದಕ್ಕೆ ಹತ್ತಿಸಿಕೊಳ್ಳಲಿಲ್ಲ ಎಂದಷ್ಟೇ ಬರೆದೆ.

ಮುಂದಿನ ತಿಂಗಳುಗಳ ನೆನಪೆಂದರೆ ಬಸ್ಸು. ಅವರು ಮೊಳಕಾಲ್ಮೂರಿನಿಂದ ಹಾನಗಲ್ ಕ್ರಾಸಿಗೆ ಬಂದು, ತಳುಕು ದಾಟಿ ಚಳ್ಳಕೆರೆಗೆ ಬರುವಷ್ಟರಲ್ಲಿ ಬಿಸಿಲೇರಿರುತ್ತಿತ್ತು. ಅಲ್ಲಿಂದ ನಾನೂ ಜೊತೆಯಾಗಿ ಚಿತ್ರದುರ್ಗ. ವೇದಿಕೆಯಲ್ಲಿ ಒಬ್ಬ ಸದಸ್ಯರ ಸ್ಥಾನ ಖಾಲಿ ಇತ್ತು. ಇನ್ನೊಬ್ಬರು ರಜೆ ಹಾಕಿದರೆ ಪೀಠವೇ ಕೂರುತ್ತಿರಲಿಲ್ಲ. ಗುಮಾಸ್ತರು ಬಂದು ಮುಂದಿನ ವಾಯಿದೆ ಹೇಳುವರು, ನಾವು ಬಂದ ದಾರಿಯಲ್ಲೇ ಹಿಂದಿರುಗುವೆವು. ಸ್ವಲ್ಪ ಕಾಲದ ನಂತರ ಹೆಂಡತಿ ಬರುವುದನ್ನು ನಾನೇ ನಿಲ್ಲಿಸಿದೆ. ಅದೇ ವಿಮಾನದಲ್ಲಿ ಹಾರಿ ಹೋದವರನ್ನು ಎದುರು ಪಕ್ಷದ ಕಣ್ಣಿಗೆ ತೋರಿಸುವುದು ನನಗೆ ಬೇಕಿರಲಿಲ್ಲ.

ಆದರೆ ಕಂಪನಿಯ ತಕರಾರು ಬಂದಾಗ ಅದೇ ಅದರ ಮೊದಲ ಸಾಲಾಗಿತ್ತು. ದೂರುದಾರರು ಹೆದರಿಕೆಯಿಂದ ತಾವೇ ವಿಮಾನ ಹತ್ತಲಿಲ್ಲ. ಅವರ ಹೆಂಡತಿ ಅದೇ ವಿಮಾನದಲ್ಲಿ ಸುರಕ್ಷಿತವಾಗಿ ಪ್ರಯಾಣ ಮಾಡಿದ್ದಾರೆ. ವಿಳಂಬ ತಾಂತ್ರಿಕ ಕಾರಣದಿಂದ ಆದದ್ದು, ಕಂಪನಿಯ ಕೈಮೀರಿದ್ದು. ಓದಿ ಹೇಳಿದಾಗ ನೇಕಾರರು ವೇದಿಕೆಯ ವರಾಂಡದಲ್ಲಿ ಗೋಡೆ ನೋಡುತ್ತಾ ನಿಂತುಬಿಟ್ಟರು. ಬೆಂಗಳೂರಿನಿಂದ ಬರುತ್ತಿದ್ದ ಎದುರು ವಕೀಲರು ಹಿರಿಯರು, ಸಭ್ಯಸ್ಥರು. ನನ್ನನ್ನು ಪಕ್ಕಕ್ಕೆ ಕರೆದು ರಾಜಿಯ ಮಾತಾಡಿದರು. ಟಿಕೆಟಿನ ಹಣ ಪೂರ್ತಿ ಕೊಡಿಸುತ್ತೇನೆ, ನಿಮ್ಮ ಕಕ್ಷಿದಾರರು ತಾವಾಗಿಯೇ ಹತ್ತಲಿಲ್ಲ ಎಂದು ಒಪ್ಪಿ ಸಹಿ ಮಾಡಲಿ ಸಾಕು.

ನಿಜ ಹೇಳಬೇಕೆಂದರೆ ನನಗೆ ಸಾಕಾಗಿತ್ತು. ಕೇಸು ಗೆದ್ದರೂ ಅವರಿಗೆ ಸಿಗುವುದು ಅದಕ್ಕಿಂತ ಬಹಳ ಹೆಚ್ಚೇನೂ ಅಲ್ಲ ಎನಿಸುತ್ತಿತ್ತು. ಒಪ್ಪಿಸೋಣ ಎಂದುಕೊಂಡೇ ಒಂದು ಭಾನುವಾರ ಮೊಳಕಾಲ್ಮೂರಿಗೆ ಹೋದೆ. ಅವರದು ಬೀದಿಗೆ ಅಂಟಿದ ಸಣ್ಣ ಮನೆ, ಮುಂದಿನ ಕೋಣೆಯ ತುಂಬ ಗುಂಡಿ ಮಗ್ಗ. ನೆಲ ತೋಡಿ ಮಾಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಅವರು ನೇಯುತ್ತಿದ್ದರು. ನನ್ನನ್ನು ಕಂಡು ಎದ್ದೇಳಲು ಹೋದರು, ಕೂತಿರಿ ಎಂದೆ. ರಾಜಿಯ ವಿಷಯ ಹೇಳಿದೆ. ಅವರು ಲಾಳಿಯನ್ನು ಪಕ್ಕಕ್ಕಿಟ್ಟರು.

"ಸಹಿ ಮಾಡಿದ್ರೆ ಅವರು ಹೇಳಿದ್ದೇ ನಿಜ ಆಗ್ತೈತೆ ಅಲ್ರಾ ಮೇಡಂ?"

ಆಗುತ್ತದೆ ಎಂದೆ.

"ಹೆದರಿದ್ದು ಸುಳ್ಳಲ್ಲ. ಹೆದರಿದ್ದೆ. ಕಾಲು ನೆಲದೊಳಗೆ ಇಟ್ಕೊಂಡು ಬದುಕಿದೋನು ನಾನು. ಆದ್ರೆ ಅವತ್ತು ಬೆಳಗ್ಗೆ ಮನೆಯಿಂದ ಹೊರಟಾಗ ಹತ್ತೋಕೆ ಅಂತಾನೇ ಹೊರಟಿದ್ದೆ. ಬೆಳಗ್ಗೆ ಬಂದಿದ್ರೆ ಹತ್ತಿಬಿಡ್ತಿದ್ದೆ."

ಆ ಮಾತು ನನ್ನೊಳಗೆ ಎಲ್ಲೋ ತಾಗಿತು. ನಾವು ಇಬ್ಬರೂ ಸೇರಿ ಮುಚ್ಚಿಡುತ್ತಿದ್ದ ಹೆದರಿಕೆಯನ್ನೇ ಕಂಪನಿ ಆಯುಧ ಮಾಡಿಕೊಂಡಿತ್ತು. ನಾವೇ ಅದನ್ನು ಒಪ್ಪಿಕೊಂಡುಬಿಟ್ಟರೆ ಉಳಿಯುವ ಪ್ರಶ್ನೆ ಒಂದೇ: ಬೆಳಗ್ಗೆ ಹತ್ತಲು ಸಿದ್ಧರಿದ್ದ ಮನುಷ್ಯ ಸಂಜೆ ಯಾಕೆ ಹತ್ತಲಾರದಾದ? ಅದಕ್ಕೆ ಉತ್ತರ ಕಂಪನಿಯೇ ಕೊಡಬೇಕು. ಕೌಂಟರಿನಲ್ಲಿದ್ದ ಅಧಿಕಾರಿಯನ್ನು ಕರೆಸಿ ಕೇಳಬೇಕು. ಆದರೆ ಅದಕ್ಕೆ ನಿಮ್ಮ ಹೆದರಿಕೆಯನ್ನು ಪ್ರಮಾಣಪತ್ರದಲ್ಲಿ ನೀವೇ ಬರೆದು ಸಹಿ ಹಾಕಬೇಕಾಗುತ್ತದೆ, ಎಲ್ಲರ ಮುಂದೆ ಓದುತ್ತಾರೆ ಎಂದು ಹೇಳಿದೆ. ಅವರು ಒಳಬಾಗಿಲಿನ ಕಡೆ ನೋಡಿದರು. ಹೆಂಡತಿ ಅಲ್ಲಿ ನಿಂತಿದ್ದರು.

"ಬರೀರಿ," ಎಂದರು.

ಹೆಚ್ಚುವರಿ ಪ್ರಮಾಣಪತ್ರ ಸಲ್ಲಿಸಿದೆ. ಜೊತೆಗೆ, ಅಂದು ಕರ್ತವ್ಯದಲ್ಲಿದ್ದ ಅಧಿಕಾರಿಯನ್ನು ಪಾಟೀಸವಾಲಿಗೆ ಕರೆಸಬೇಕೆಂದು ಅರ್ಜಿ. ವೇದಿಕೆಯ ಅಧ್ಯಕ್ಷರಿಗೆ ಅದು ಇಷ್ಟವಾಗಲಿಲ್ಲ. ಇದು ಸಿವಿಲ್ ಕೋರ್ಟಲ್ಲ, ಬೇಗ ಮುಗಿಯಬೇಕಾದ ವಿಚಾರಣೆ, ಪ್ರಶ್ನೆಗಳನ್ನು ಬರೆದು ಕೊಡಿ, ಉತ್ತರ ತರಿಸುತ್ತೇವೆ ಎಂದರು. ಬರೆದು ಕೊಟ್ಟರೆ ಉತ್ತರ ವಕೀಲರ ಪೆನ್ನಿನಿಂದ ಬರುತ್ತದೆ, ಅವತ್ತು ಮೈಕಿನ ಮುಂದೆ ನಿಂತಿದ್ದವರ ಬಾಯಿಂದ ಬರುವುದಿಲ್ಲ ಎಂದು ನಾನು ವಾದಿಸಿದೆ. ಅರ್ಜಿ ಅಲ್ಲಿಗೇ ನಿಂತಿತು. ಎರಡು ವಾಯಿದೆ ಪೀಠ ಕೂರಲಿಲ್ಲ. ಕೊನೆಗೆ ಅನುಮತಿ ಬಂತು, ಒಂದು ಷರತ್ತಿನ ಮೇಲೆ: ಸಾಕ್ಷಿಯ ಪ್ರಯಾಣದ ಖರ್ಚು ದೂರುದಾರರದು. ಈ ಸುದ್ದಿಯನ್ನು ಫೋನಿನಲ್ಲಿ ಹೇಳುವಾಗ ನನಗೇ ಸಂಕೋಚವಾಯಿತು. ಆ ಕಡೆಯಿಂದ ಹೆಂಡತಿ, ಬರಲಿ ಬಿಡಿ ಮೇಡಂ, ಒಂದು ಸೀರೆ ಹೋದರೆ ಹೋಯಿತು ಎಂದು ಸಲೀಸಾಗಿ ಹೇಳಿದರು.

ಸಾಕ್ಷಿಯಾಗಿ ಬಂದವನು ಇಪ್ಪತ್ತೈದು ದಾಟಿರದ ಯುವಕ. ಇಸ್ತ್ರಿ ಮಾಡಿದ ಅಂಗಿ, ಪ್ರಯಾಣದಿಂದ ಬಾಡಿದ ಮುಖ. ಅಂದು ಪ್ರಯಾಣಿಕರನ್ನು ಬಿಡುವ ಬಾಗಿಲ ಬಳಿ, ಕೌಂಟರಿನಲ್ಲಿ, ಎರಡೂ ಕಡೆ ತಾನೇ ಇದ್ದದ್ದಾಗಿ ಒಪ್ಪಿಕೊಂಡ. ಊಟದ ಬಗ್ಗೆ ಕೇಳಿದೆ. ಆದೇಶ ಇರಲಿಲ್ಲ ಎಂದ. ಘೋಷಣೆ ಮಾಡಿದವರು ಯಾರು ಎಂದೆ. ತಾನೇ ಎಂದ. ಏನೆಂದು ಮಾಡಿದಿರಿ? ತಾಂತ್ರಿಕ ಕಾರಣದಿಂದ ವಿಳಂಬ ಎಂದು. ಆ ತಾಂತ್ರಿಕ ಕಾರಣ ಯಾವುದು?

ಅವನು ತನ್ನ ವಕೀಲರ ಕಡೆ ನೋಡಿದ. ಅವರು ಎದ್ದು, ಅದು ಎಂಜಿನಿಯರುಗಳಿಗೆ ಸೇರಿದ ವಿಷಯ, ಸಾಕ್ಷಿಗೆ ಗೊತ್ತಿರಬೇಕಿಲ್ಲ ಎಂದರು. ನಾನು ಪ್ರಶ್ನೆಯನ್ನು ಬದಲಿಸಿ ಕೇಳಿದೆ. ಸಂಜೆ ಹೊರಟ ವಿಮಾನ ಯಾವುದು, ಬೇರೆಯದೋ ಬೆಳಗ್ಗೆ ನಿಂತಿದ್ದದ್ದೋ? ಅದೇ ಎಂದ. ರಿಪೇರಿ ಮಾಡಲು ಯಾರಾದರೂ ಅದರ ಹತ್ತಿರ ಹೋದದ್ದನ್ನು ನೋಡಿದಿರಾ? ಇಲ್ಲ ಎಂದ. ಅಧ್ಯಕ್ಷರು ಅಲ್ಲಿಯವರೆಗೆ ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟರು. ಹಾಗಾದರೆ ವಿಮಾನ ಯಾಕೆ ಹೊರಡಲಿಲ್ಲ, ನಿಮಗೆ ಗೊತ್ತಿದ್ದರೆ ಹೇಳಿ ಎಂದು ಅವರೇ ಕೇಳಿದರು.

ಯುವಕ ಒಂದು ಭಾರ ಇಳಿಸುವವನಂತೆ ಹೇಳಿದ.

"ಪೈಲಟ್ ಇರಲಿಲ್ಲ ಸರ್. ಬೆಳಗ್ಗೆ ಹೋಗಬೇಕಾದವರ ಡ್ಯೂಟಿ ಸಮಯ ಮುಗಿದಿತ್ತು. ಬೇರೆಯವರು ಇನ್ನೊಂದು ಊರಿನಿಂದ ಬರುವವರೆಗೆ ಕಾಯಬೇಕಾಯಿತು. ಪೈಲಟ್ ಇಲ್ಲ ಅಂದರೆ ಜನ ಗಲಾಟೆ ಮಾಡ್ತಾರೆ. ತಾಂತ್ರಿಕ ಅಂದರೆ ಸುಮ್ಮನಿರ್ತಾರೆ. ಹಾಗೇ ಹೇಳಬೇಕು ಅಂತ ನಮಗೆ ಹೇಳಿದ್ದರು."

ನನಗೆ ಬೇಕಾದ್ದು ಸಿಕ್ಕಿತ್ತು. ಪೈಲಟ್ ಹೊಂದಿಸಿಕೊಳ್ಳುವುದು ಕಂಪನಿಯ ಕೆಲಸ. ಕೈಮೀರಿದ ಕಾರಣ ಎಂಬ ಬೇಲಿ ಅಲ್ಲಿಗೆ ಬಿತ್ತು. ನಾನು ಕೂತುಕೊಳ್ಳಬೇಕೆನ್ನುವಾಗ ಹಿಂದಿನಿಂದ ನೇಕಾರರು ಎದ್ದು ನಿಂತರು. ಕಕ್ಷಿದಾರರು ಹಾಗೆ ಮಾತಾಡುವಂತಿಲ್ಲ. ಗುಮಾಸ್ತರು ಕೂರುವಂತೆ ಕೈಸನ್ನೆ ಮಾಡಿದರು, ಅಧ್ಯಕ್ಷರು ತಡೆಯಲಿಲ್ಲ.

"ಹಂಗಾದ್ರೆ ವಿಮಾನ ಚೆನ್ನಾಗೇ ಇತ್ತಾ?"

"ಚೆನ್ನಾಗೇ ಇತ್ತು," ಎಂದ ಯುವಕ. ಅಷ್ಟಕ್ಕೆ ನಿಲ್ಲಿಸದೆ, ತಪ್ಪು ತಿಳಿಯಬೇಡಿ ಸರ್ ಎಂದೂ ಮೆಲ್ಲಗೆ ಸೇರಿಸಿದ. ನೇಕಾರರು ತಲೆಯಾಡಿಸಿ ಕೂತರು. ಹೊರಗೆ ಬಂದ ಮೇಲೆ ಅವರ ಮುಖದಲ್ಲಿ ಗೆದ್ದ ಕಳೆ ಹುಡುಕಿದೆ. ಇರಲಿಲ್ಲ. ಚಳ್ಳಕೆರೆಯವರೆಗೆ ಕಿಟಕಿಯ ಹೊರಗೆ ನೋಡುತ್ತಾ ಕೂತವರು ಇಳಿಯುವಾಗ ಒಂದೇ ಮಾತು ಹೇಳಿದರು: ಅಷ್ಟನ್ನು ಅವತ್ತೇ ಹೇಳಿದ್ದರೆ ಸಾಕಾಗಿತ್ತು.

ವಾದ, ಮತ್ತೆ ವಾಯಿದೆ, ಮತ್ತೆ ಪೀಠ ಇಲ್ಲ. ಆದೇಶ ಬರುವ ಹೊತ್ತಿಗೆ ಇನ್ನೊಂದು ಬೇಸಿಗೆ ಬಂದಿತ್ತು. ಆ ದಿನ ಹೆಂಡತಿಯೂ ಬರಲಿ ಎಂದೆ, ಇನ್ನು ಮುಚ್ಚಿಡುವುದೇನೂ ಇರಲಿಲ್ಲ. ಸುಳ್ಳು ಕಾರಣ ಹೇಳಿದ್ದು, ಊಟ ಕೊಡದೆ ಕಾಯಿಸಿದ್ದು, ಕೇಳಿದವರಿಗೆ ಉತ್ತರ ಕೊಡದೆ ಬಿಟ್ಟು ಹೋದದ್ದು, ಇವು ಸೇವಾ ನ್ಯೂನತೆ ಎಂದು ವೇದಿಕೆ ಹೇಳಿತು. ಟಿಕೆಟಿನ ಹಣ, ರೈಲಿನ ಖರ್ಚು, ಮಾನಸಿಕ ಹಿಂಸೆಗೆ ಒಂದಿಷ್ಟು ಪರಿಹಾರ, ಕೇಸಿನ ವೆಚ್ಚ ಕೊಡಬೇಕು ಎಂದಾಯಿತು. ಮಗ್ಗದ ಜಾಗ ತಪ್ಪಿದ್ದರ ನಷ್ಟಕ್ಕೆ ಪುರಾವೆ ಇಲ್ಲವೆಂದು ಅದನ್ನು ತಳ್ಳಿಹಾಕಿದರು. ಎದುರು ವಕೀಲರು ಕೈ ಕುಲುಕಿ ಅಭಿನಂದಿಸಿ, ಮೇಲ್ಮನವಿಯಲ್ಲಿ ಬೆಂಗಳೂರಿನಲ್ಲಿ ಭೇಟಿಯಾಗೋಣ ಎಂದು ನಗುತ್ತಲೇ ಹೇಳಿ ಹೋದರು. ಅವರು ಹೇಳಿದಂತೆಯೇ ಮೇಲ್ಮನವಿ ಬಂತು, ಅದು ಮತ್ತೂ ಕೆಲಕಾಲ ಎಳೆದು ಕೊನೆಗೆ ವಜಾ ಆಯಿತು. ಆದರೆ ಅಂದು ಅದು ನಮಗೆ ಗೊತ್ತಿರಲಿಲ್ಲ. ನನ್ನ ಕಣ್ಣಿಗೆ ಮುಂದಿನ ಬಸ್ಸುಗಳೇ ಕಾಣಿಸುತ್ತಿದ್ದವು.

ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಚಳ್ಳಕೆರೆಯ ಬಸ್ಸಿಗೆ ಕಾಯುತ್ತಾ ಮೂವರೂ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ನೇಕಾರರು ಕಡಲೆಕಾಯಿ ತಂದು ನಮ್ಮ ನಡುವೆ ಇಟ್ಟರು. ಈಗ ಟೀ ಅಂಗಡಿಯವರಿಗೆ ಏನು ಹೇಳುತ್ತೀರಿ ಎಂದು ಕೇಳಿದೆ. ಅವರು ಮರೆತೇಬಿಟ್ಟಿದ್ದಾರೆ ಮೇಡಂ, ನಾನೇ ಮರೆತಿರಲಿಲ್ಲ ಎಂದರು. ನಾನು ಸುಮ್ಮನೆ, ಹೊತ್ತು ಹೋಗಲೆಂದು, ಹೆಂಡತಿಯ ಕಡೆ ತಿರುಗಿ ಕೇಳಿದೆ. ಕೇಸು ನಡೆಯುತ್ತಿದ್ದಾಗ ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಉತ್ತರ ಏನು ಬಂದರೂ ನಮಗೆ ತೊಡಕಾಗುತ್ತಿತ್ತು.

"ಅಕ್ಕಾ, ಅವತ್ತು ನಿಮಗೆ ಹೆದರಿಕೆ ಆಗಲಿಲ್ವಾ?"

ಆಕೆ ಕಡಲೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತದೆ ಹೇಳಿದರು.

"ಆಗ್ದೆ ಇರುತ್ತಾ ಮೇಡಂ? ಕೆಟ್ಟಿರೋ ವಿಮಾನ ಅಂತ ತಿಳ್ಕೊಂಡೇ ಹತ್ತಿದ್ದು. ಸೀರೆ ಗಂಟು ಆಗ್ಲೇ ಒಳಗೆ ಹೋಗಿತ್ತು, ಬೀದಿಯೋರ ಸೀರೆನೂ ಅದ್ರಾಗೇ ಇದ್ವು. ಒಬ್ರಾದ್ರೂ ಹೋಗ್ಲೇಬೇಕಿತ್ತು. ಇಬ್ರೂ ಹೋಗಿ ಏನಾದ್ರೂ ಆದ್ರೆ ಮನೇಲಿ ಹುಡುಗ್ರಿಗೆ ಯಾರು? ಇವರು ಕಂಬಿ ಹಿಡ್ಕೊಂಡು ನಿಂತಾಗ ಒಳ್ಳೇದೇ ಆತು ಅನ್ನಿಸ್ತು. ನೀವು ಇಳೀರಿ, ನಾನು ಹೋಗ್ತೀನಿ ಅಂದುಬಿಟ್ಟೆ. ದೆಹಲಿ ಬರೋತಂಕ ಕಣ್ಣು ಬಿಡ್ಲಿಲ್ಲ."

ನೇಕಾರರ ಕೈ ಕಡಲೆಕಾಯಿಯ ಮೇಲೆಯೇ ನಿಂತಿತು. ಹೆಂಡತಿ ಇಳಿಯಿರಿ ಎಂದದ್ದನ್ನು ಅವರು ನನಗೆ ಒಮ್ಮೆಯೂ ಹೇಳಿರಲಿಲ್ಲ. ಯಾಕೆಂದು ಈಗ ತಿಳಿಯಿತು.

"ನನ್ನ ನೋಡಿ ನಿನಗೆ ನಾಚಿಕೆ ಆಗಿ ಹಂಗಂದೆ ಅಂದ್ಕೊಂಡಿದ್ದೆ," ಎಂದರು. ಆಮೇಲೆ ಆಕೆಯ ಕಡೆ ತಿರುಗಿ ಕೇಳಿದರು. "ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಇಳೀತಿದ್ರಾ?"

ಬಸ್ಸು ಬಂತು. ಜನ ಬಾಗಿಲಿಗೆ ಮುತ್ತಿಕೊಂಡರು. ಆಕೆ ಸೆರಗು ಸಿಕ್ಕಿಸಿಕೊಂಡು ಸೀಟು ಹಿಡಿಯಲು ಮುಂದೆ ನುಗ್ಗಿದರು. ಅವರು ಕಡಲೆಕಾಯಿಯ ಪೊಟ್ಟಣ ಮಡಿಚಿಕೊಂಡು, ಅವಸರವಿಲ್ಲದೆ, ಆಕೆಯ ಹಿಂದೆ ಹತ್ತಿದರು.